ಹಳೇ ಹಿತ್ತಾಳೆ ಮೈಕ್ರೋಸ್ಕೋಪನ್ನು ತಿಕ್ಕುವ ಮುಂಚೆ

ದೇವರ ಮನೆ ದೀಪದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮೊದಲು ಹೇಳಬೇಕಾದ್ದು ಇದೇ. ಹಳೇ ಮೈಕ್ರೋಸ್ಕೋಪಿನ ಮೇಲಿರುವ ಜೇನಿನ ಬಣ್ಣ ಕೊಳೆ ಅಲ್ಲ. ಹಿತ್ತಾಳೆ ಕಪ್ಪಾಗದಿರಲಿ ಅಂತ ತೆಳ್ಳಗೆ ಬಳಿದ ಅರಗಿನ ಮೆರುಗು ಅದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ನನಗದು ಗೊತ್ತಿರಲಿಲ್ಲ. ಗುಜರಿಯಲ್ಲಿ ಸಿಕ್ಕಿದ, ಲೈಟ್ಸ್ (Leitz) ಎಂಬ ಜರ್ಮನ್ ಕಂಪನಿಯ ನನ್ನ ಮೈಕ್ರೋಸ್ಕೋಪಿನ ಕೊಳವೆಯನ್ನು ಸ್ಪಿರಿಟ್ ಹಾಕಿ ಒರೆಸಿದೆ. ಹತ್ತಿ ಹಳದಿಯಾಯಿತು. ಕೊಳೆ ಬಿಡುತ್ತಿದೆ ಅಂದುಕೊಂಡೆ. ಎರಡು ಬೆರಳಗಲ ಜಾಗ ಬೋಳಾಗಿ ಹೋಯಿತು. ಪ್ರತಿ ಮಳೆಗಾಲ ಅಲ್ಲಿ ಮಾತ್ರ ಕಪ್ಪು ಕಟ್ಟುತ್ತದೆ. ಈಗಲೂ ನೋಡಿದರೆ ಬೇಜಾರಾಗುತ್ತದೆ.

ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆ ಸಾಕು. ಒರೆಸಿದ ಕೂಡಲೇ ಒಣ ಬಟ್ಟೆ.

ಫೋಕಸ್ ತಿರುಗಿಸುವ ಗುಂಡಿ ಬಿಗಿಯಾಗಿದ್ದರೆ ಬಲ ಹಾಕಬೇಡಿ. ಹಳೇ ಗ್ರೀಸ್ ಗಟ್ಟಿಯಾಗಿರುತ್ತದೆ, ಅಷ್ಟೇ. ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು ಗುಂಡಿಯ ಜೊತೆ ಓಡುವ ಹಲ್ಲಿನ ಪಟ್ಟಿಗೆ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಸ್ವಲ್ಪ ಸ್ವಲ್ಪವೇ ಆಚೆ ಈಚೆ ಅಲ್ಲಾಡಿಸಿ.

ಲೆನ್ಸ್ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಆಬ್ಜೆಕ್ಟಿವ್ ಅಂದರೆ ಕೊಳವೆಯ ಕೆಳತುದಿಯಲ್ಲಿ, ನೋಡುವ ವಸ್ತುವಿನ ಹತ್ತಿರ ಇರುವ ಲೆನ್ಸು. ಅದರೊಳಗೆ ಎರಡೆರಡು ಗಾಜುಗಳನ್ನು ಕೆನಡಾ ಬಾಲ್ಸಂ ಎಂಬ ಮರದ ಅಂಟಿನಿಂದ ಕೂಡಿಸಿರುತ್ತಾರೆ. ಬಣ್ಣದ ಅಂಚು ಕಾಣದಿರಲಿ ಅಂತ ಮಾಡಿದ ಜೋಡಿ ಅದು. ಬಿಚ್ಚಬೇಡಿ, ನೆನೆಸಬೇಡಿ. ಬಲೂನ್ ಪಂಪಿನಿಂದ ಧೂಳು ಊದಿ, ಬಾಯಿಂದ ಹಬೆ ಬಿಟ್ಟು ಲೆನ್ಸ್ ಪೇಪರ್‌ನಿಂದ ಒರೆಸಿ. ಆಬ್ಜೆಕ್ಟಿವ್ ಕಳೆದುಹೋಗಿದ್ದರೂ ಚಿಂತೆ ಬೇಡ. 1858ರಲ್ಲಿ ಲಂಡನ್ನಿನ ಮೈಕ್ರೋಸ್ಕೋಪಿಕಲ್ ಸೊಸೈಟಿ ಆಬ್ಜೆಕ್ಟಿವ್ ಕೂರಿಸಲು ಗೊತ್ತುಮಾಡಿದ 0.8 ಇಂಚು ಅಗಲದ ತಿರುಪಿನ ಅಳತೆಯನ್ನು ಎಷ್ಟೋ ತಯಾರಕರು ಒಪ್ಪಿಕೊಂಡರು. ನನ್ನದಕ್ಕೆ ಇವತ್ತಿನ ಕಾಲೇಜ್ ಲ್ಯಾಬಿನ ಆಬ್ಜೆಕ್ಟಿವ್ ಸಲೀಸಾಗಿ ಕೂತಿತು. ಎಂಥ ಮುಂದಾಲೋಚನೆ, ಅಲ್ವಾ?

ಮೇಲಿನ ಒಳಕೊಳವೆಯನ್ನು ಎಳೆದು ನೋಡಿ. ಮಿಲಿಮೀಟರ್ ಗೆರೆಗಳಿದ್ದರೆ ಸುಮ್ನೆ ಕೆತ್ತಿದ್ದಲ್ಲ. ಕೊಳವೆಯ ಉದ್ದ ಸರಿಯಿದ್ದರೆ ಮಾತ್ರ ಚಿತ್ರ ಚೂಪಾಗಿ ಬರುತ್ತದೆ. ಹಳೇ ಲೈಟ್ಸ್ ಆಬ್ಜೆಕ್ಟಿವ್‌ಗೆ 170, ಬೇರೆ ಬಹಳಷ್ಟಕ್ಕೆ 160.

ಕೆಳಗಿನ ಕನ್ನಡಿಗೆ ಎರಡು ಮುಖ. ಕಂಡೆನ್ಸರ್ (ಗಾಜಿನ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಲೆನ್ಸು) ಇದ್ದರೆ ಚಪ್ಪಟೆ ಮುಖ, ಇಲ್ಲದಿದ್ದರೆ ತಗ್ಗಿನ ಮುಖ. ಕಿಟಕಿಯ ಬೆಳಕಿಗೆ ತಿರುಗಿಸಿ. ಬಿಸಿಲಿಗೆ ಮಾತ್ರ ಬೇಡವೇ ಬೇಡ, ಕಣ್ಣು ಹೋಗುತ್ತದೆ.

ಈರುಳ್ಳಿಯ ಒಳಪೊರೆ ಸುಲಿದು, ಒಂದು ತೊಟ್ಟು ಟಿಂಚರ್ ಅಯೋಡಿನ್ ಹಾಕಿ ಗಾಜಿನ ಮೇಲಿಡಿ. ಪಕ್ಕದಿಂದ ನೋಡುತ್ತಾ ಆಬ್ಜೆಕ್ಟಿವ್ ಇಳಿಸಿ, ಇನ್ನೇನು ಗಾಜಿಗೆ ತಾಗಬೇಕು ಅನ್ನುವಾಗ ನಿಲ್ಲಿಸಿ. ಈಗ ಕಣ್ಣಿಟ್ಟು ನಿಧಾನವಾಗಿ ಮೇಲಕ್ಕೆ ಎತ್ತುತ್ತಾ ಬನ್ನಿ. ಇಟ್ಟಿಗೆ ಗೋಡೆಯಂಥ ಸಾಲು, ಪ್ರತಿ ಇಟ್ಟಿಗೆಯಲ್ಲೂ ಒಂದೊಂದು ಕಂದು ಚುಕ್ಕೆ ಕಾಣುತ್ತದೆ.