ಯಾರೂ ಬರೆದಿಡದ ಕ್ರಿಯಾಪದವನ್ನು ಕಟ್ಟುವುದು ಹೇಗೆ?

ರಷ್ಯನ್, ಪೋಲಿಷ್ ಮುಂತಾದ ಭಾಷೆಗಳ ತಾಯಿಯಾದ ಮೂಲ ಸ್ಲಾವಿಕ್ ಭಾಷೆಯಲ್ಲಿ ಬರೆದ ಒಂದು ಸಾಲೂ ನಮಗೆ ಉಳಿದಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ಚಹರೆ ಊಹಿಸಬೇಕು. ರೊಟ್ಟಿಯನ್ನು ಒಲೆಯಲ್ಲಿ ಬೇಯಿಸುವ ಕ್ರಿಯಾಪದವನ್ನೇ ಹಿಡಿಯೋಣ.

ಮೊದಲು ‘ಬೇಯಿಸಲು’ ಎಂಬ ರೂಪಗಳನ್ನು ಬರೆದುಕೊಳ್ಳಿ: ರಷ್ಯನ್ ‘ಪೆಚ್’, ಸ್ಲೊವೇನಿಯನ್ ‘ಪೆಚಿ’, ಪೋಲಿಷ್ ‘ಪ್ಯೆತ್ಸ್’, 9ನೇ ಶತಮಾನದಲ್ಲಿ ಬರಹಕ್ಕಿಳಿದ ಹಳೆಯ ಚರ್ಚ್ ಸ್ಲಾವಿಕ್‌ನ ‘ಪೆಷ್ತಿ’.

ಎಲ್ಲರೂ ಎಡವುವುದು ಇಲ್ಲಿಯೇ. ಚಕಾರಕ್ಕೆ ಎರಡು ಮತ ಬಿದ್ದವೆಂದು ಧಾತು ‘ಪೆಚ್’ ಎಂದು ಬರೆದುಬಿಡುತ್ತಾರೆ. ಇದು ಪಂಚಾಯಿತಿ ಚುನಾವಣೆಯಲ್ಲ. ನಿಘಂಟು ಮುಚ್ಚಿ, ಕ್ರಿಯಾಪದವನ್ನು ನಡೆಸಿ ನೋಡಿ. ‘ನಾನು ಬೇಯಿಸುತ್ತೇನೆ’ ರಷ್ಯನ್ನಿನಲ್ಲಿ ‘ಪೆಕು’, ಪೋಲಿಷ್‌ನಲ್ಲಿ ‘ಪ್ಯೆಕೆ’. ಕಕಾರ ಸಿಕ್ಕಿತು! ‘ನೀನು’ ಬಂದರೆ ಮತ್ತೆ ‘ಪೆಚೋಷ್’, ‘ಪ್ಯೆಚೆಷ್’. ಮೂಲದಲ್ಲಿ ಇ, ಎ ಸ್ವರಗಳು ಹಿಂಬಾಲಿಸಿದ ಕಡೆ ಕಕಾರ ಚಕಾರವಾಗಿದೆ. ನಮ್ಮ ‘ಕಿವಿ’ ಉಳಿಸಿಕೊಂಡ ಕಕಾರ ತಮಿಳಿನ ‘ಚೆವಿ’ಯಲ್ಲಿ ಚಕಾರವಾದದ್ದೂ ಇಂಥದ್ದೇ. (ಪೋಲಿಷ್‌ನ ‘ಪ್ಯೆಕೆ’ ಕಂಡು ಗಾಬರಿ ಬೇಡ, ಅದರ ಕೊನೆಯಲ್ಲಿ ಮೊದಲು ಇದ್ದದ್ದು ಅನುನಾಸಿಕ ‘ಓ’.)

ಹಾಗಾದರೆ ‘ಪೆಚ್’, ‘ಪ್ಯೆತ್ಸ್’, ‘ಪೆಷ್ತಿ’ ಹೇಗೆ ಬಂದವು? ಸಂಸ್ಕೃತಕ್ಕೆ ಓಡುವ ಮೊದಲು ‘ರಾತ್ರಿ’ಯನ್ನು ಕೇಳಿ ಎನ್ನುತ್ತೇನೆ: ‘ನೋಚ್’, ‘ನೋತ್ಸ್’, ‘ನೊಷ್ತಿ’. ಅದೇ ಮೂರು ದಾರಿ. ಈ ಪದದ ಮೂಲದಲ್ಲಿ ‘ಕ್ತ’ ಇತ್ತೆಂಬುದಕ್ಕೆ ಲ್ಯಾಟಿನ್ ‘ನೊಕ್ತೆಮ್’, ನಮಗೆ ಗೊತ್ತಿರುವ ‘ನಕ್ತಂಚರ’ ಸಾಕ್ಷಿ. ಆದ್ದರಿಂದ ಇಲ್ಲಿಯೂ *ಪೆಕ್ತಿ. ನಕ್ಷತ್ರ ಚಿಹ್ನೆ ಮರೆಯಬೇಡಿ. ಅದಿಲ್ಲದಿದ್ದರೆ ಊಹೆಯು ದಾಖಲೆಯ ವೇಷ ಹಾಕಿಕೊಳ್ಳುತ್ತದೆ. ನಿಘಂಟಿನ ರೂಪವೊಂದನ್ನೇ ಕೊಡುವ ಅಂತರ್ಜಾಲದ ಪಟ್ಟಿಗಳನ್ನು ನಾನಂತೂ ಮುಟ್ಟುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗುವುದು ಸುಲಭ. ಸ್ಲಾವಿಕ್, ಲ್ಯಾಟಿನ್, ಸಂಸ್ಕೃತಗಳಿಗೆಲ್ಲ ಪೂರ್ವಜವಾದ ಮೂಲ ಇಂಡೋ-ಯುರೋಪಿಯನ್ ಭಾಷೆಯಲ್ಲಿ ಈ ಧಾತು *ಪೆಕ್ವ್. ಲಿಥುವೇನಿಯನ್ ಅದನ್ನು ತಿರುವುಮುರುವು ಮಾಡಿ ‘ಕೆಪ್ತಿ’ ಎಂದಿತು. ಲ್ಯಾಟಿನ್ ‘ಕೊಕ್ವೊ’ ಎಂದಿತು. ಸಂಸ್ಕೃತದಲ್ಲಿ ‘ಪಚತಿ’, ‘ಪಕ್ವ’, ‘ಪಾಕ’. ಮೈಸೂರು ಪಾಕಿನ ಹೆಸರಿನಲ್ಲಿರುವುದು ಇದೇ ಧಾತು. ಇಂಗ್ಲಿಷಿನ ‘ಬೇಕ್’ ಅನ್ನು ಮಾತ್ರ ಈ ಪಂಕ್ತಿಯಲ್ಲಿ ಕೂರಿಸಬೇಡಿ, ಅದರ ಧಾತು ಬೇರೆ. ‘ಕುಕ್’ ಕೂರಬಹುದು, ಲ್ಯಾಟಿನ್ನಿನಿಂದ ಬಂದ ಕಡವಾಗಿ.