ಆಫೀಸಿಗೆ ನೆಟ್‌ವರ್ಕ್ ಡಿಸೈನ್: ಮೊದಲು ಕಾಗದ, ಆಮೇಲೆ ಕೇಬಲ್

ನೆಟ್‌ವರ್ಕ್ ಡಿಸೈನ್ ಕಲಿಯಲು ಹೊರಟವರು ಸಾಮಾನ್ಯವಾಗಿ ಯಾವ ಕಂಪನಿಯ ಸ್ವಿಚ್ (ಸಾಧನಗಳ ಕೇಬಲ್‌ಗಳನ್ನು ಒಂದೆಡೆ ಜೋಡಿಸುವ ಪೆಟ್ಟಿಗೆ) ಒಳ್ಳೆಯದು ಎಂದು ಹುಡುಕುತ್ತಾ ಕೂರುತ್ತಾರೆ. ಅದು ಕೊನೆಗೆ ನೋಡುವ ವಿಷಯ. ಮೊದಲು ಬೇಕಾದದ್ದು ಕಾಗದ, ಪೆನ್ಸಿಲ್ ಮತ್ತು ಒಂದಷ್ಟು ಪ್ರಶ್ನೆ.

ಹೆಜ್ಜೆ 1: ವ್ಯವಹಾರ ತಿಳಿದುಕೊಳ್ಳಿ

ಎಷ್ಟು ಜನ ಇದ್ದಾರೆ? ಒಬ್ಬೊಬ್ಬರ ಕೈಲಿ ಎಷ್ಟು ಸಾಧನ ಇವೆ? ಪ್ರಿಂಟರ್, ಕ್ಯಾಮೆರಾ, ಹಾಜರಾತಿ ಮಷಿನ್ ಎಣಿಸಿದಿರಾ? ಇಂಟರ್ನೆಟ್ ಒಂದು ಗಂಟೆ ಹೋದರೆ ಯಾವ ಕೆಲಸ ನಿಲ್ಲುತ್ತದೆ? ಖರ್ಚು ಎಷ್ಟಾಗುತ್ತದೆ ಅನ್ನುವುದು ಬಹುಪಾಲು ಈ ಕೊನೆಯ ಪ್ರಶ್ನೆಯ ಮೇಲೆಯೇ ನಿಂತಿದೆ. ಕೆಲಸ ನಿಲ್ಲಲೇಬಾರದು ಎಂದಾದರೆ ಎರಡನೇ ಲೈನ್ ಬೇಕು, ಅದೂ ಬೇರೆ ಕಂಪನಿಯದ್ದು, ಬೇರೆ ದಾರಿಯಲ್ಲಿ ಬರುವಂಥದ್ದು. ಎರಡೂ ಒಂದೇ ಗುಂಡಿಯಲ್ಲಿ ಹಾದು ಬಂದರೆ ಒಂದು ಜೆಸಿಬಿ ಸಾಕು, ಎರಡೂ ಹೋಗುತ್ತವೆ.

ಹೆಜ್ಜೆ 2: ಐಪಿ ವಿಳಾಸ ಹಂಚಿ

ಐಪಿ ವಿಳಾಸ ಎಂದರೆ ನೆಟ್‌ವರ್ಕ್‌ನಲ್ಲಿ ಒಂದೊಂದು ಸಾಧನಕ್ಕೂ ಕೊಡುವ ನಂಬರ್. ಇದನ್ನು ಹಂಚಲು ಸಮಯ ಕೊಡಿ. ಆಮೇಲೆ ಬದಲಾಯಿಸುವುದು ತುಂಬಾ ಕಷ್ಟ. ಒಳಗಿನ ಬಳಕೆಗೆಂದೇ 10, 172.16ರಿಂದ 172.31 ಮತ್ತು 192.168ರಿಂದ ಶುರುವಾಗುವ ವಿಳಾಸಗಳನ್ನು ಮೀಸಲಿಟ್ಟಿದ್ದಾರೆ. 192.168.1 ಮಾತ್ರ ಬೇಡ. ಎಷ್ಟೋ ಮನೆಗಳ ರೂಟರ್‌ನಲ್ಲಿ ಅದೇ ಇರುತ್ತದೆ. ಸಿಬ್ಬಂದಿ ಮನೆಯಿಂದ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ಹಾಕಿದಾಗ ಎರಡೂ ಕಡೆ ಒಂದೇ ವಿಳಾಸವಾಗಿ, ಆಫೀಸಿನ ಸರ್ವರ್ ಸಿಗುವುದೇ ಇಲ್ಲ.

ಆಮೇಲೆ ವಿಲ್ಯಾನ್, ಅಂದರೆ ಒಂದೇ ನೆಟ್‌ವರ್ಕನ್ನು ನಂಬರ್ ಕೊಟ್ಟು ಬೇರೆ ಬೇರೆ ಭಾಗ ಮಾಡುವುದು. ಸಿಬ್ಬಂದಿಗೆ 10, ಫೋನ್‌ಗಳಿಗೆ 20, ಅತಿಥಿಗಳ ವೈಫೈಗೆ 30, ಕ್ಯಾಮೆರಾಗಳಿಗೆ 40 ಎಂದು ಬೇರೆ ಬೇರೆ ಮಾಡಿ. ವಿಳಾಸದ ಎರಡನೇ ಸಂಖ್ಯೆ ಶಾಖೆಯದ್ದು, ಮೂರನೆಯದು ವಿಲ್ಯಾನ್‌ನದ್ದು ಎಂದಿಟ್ಟುಕೊಳ್ಳಿ. ಆಗ ಲಾಗ್‌ನಲ್ಲಿ 10.2.30.57 ಕಂಡರೆ ಸಾಕು, ಎರಡನೇ ಶಾಖೆಗೆ ಬಂದ ಅತಿಥಿಯ ಫೋನೋ ಲ್ಯಾಪ್‌ಟಾಪೋ ಎಂದು ತಟ್ಟನೆ ಗೊತ್ತಾಗುತ್ತದೆ. ಒಂದೊಂದು ವಿಲ್ಯಾನ್‌ಗೂ /24 (ಮೊದಲ ಮೂರು ಸಂಖ್ಯೆ ಒಂದೇ ಇದ್ದು ಕೊನೆಯದು ಮಾತ್ರ ಬದಲಾಗುವ ವಿಳಾಸಗಳ ಗುಂಪು) ಕೊಟ್ಟರೆ 254 ಸಾಧನಗಳಿಗೆ ಜಾಗ ಸಿಗುತ್ತದೆ. ವಿಲ್ಯಾನ್ ಮಾಡಿ ಸುಮ್ನೆ ಬಿಟ್ಟರೆ ಪ್ರಯೋಜನವಿಲ್ಲ. ಯಾರು ಯಾರ ಕಡೆ ಹೋಗಬಹುದು ಎಂಬ ನಿಯಮವನ್ನು ಫೈರ್‌ವಾಲ್‌ನಲ್ಲಿ ಬರೆಯಬೇಕು.

ಹೆಜ್ಜೆ 3: ಕೇಬಲ್, ಕರೆಂಟು, ವೈಫೈ

ತಾಮ್ರದ ಕೇಬಲ್ 100 ಮೀಟರ್ ದಾಟಬಾರದು. ಅದಕ್ಕೂ ದೂರವಿದ್ದರೆ ಫೈಬರ್. ಕ್ಯಾಮೆರಾ, ವೈಫೈ ಪೆಟ್ಟಿಗೆಗಳಿಗೆ ಕೇಬಲ್‌ನಲ್ಲೇ ಕರೆಂಟು ಕೊಡುವ ಪಿಒಇ ಸ್ವಿಚ್ ತರುವಾಗ ಪೋರ್ಟ್ ಎಣಿಸಿದರೆ ಸಾಲದು, ವಾಟ್ಸ್ ಕೂಡಿಸಿ. ಒಂದು ಪೋರ್ಟಿಗೆ 15.4 ವಾಟ್ ಹಿಡಿದರೆ 24 ಪೋರ್ಟಿಗೆ ಸುಮಾರು 370 ವಾಟ್ ಬೇಕು. ಸ್ವಿಚ್ ಕೊಡುವುದು 190 ಆದರೆ 12 ಪೋರ್ಟಿಗೇ ಮುಗಿಯಿತು. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಅಲ್ವಾ?

ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ಪೆಟ್ಟಿಗೆಗಳಿಗೆ 1, 6, 11ನೇ ಚಾನೆಲ್ ಹಂಚಿ.

ಹೆಜ್ಜೆ 4: ಕೆಡಿಸಿ ನೋಡಿ

ಕಲಿಯಲು ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ, ಕಂಪ್ಯೂಟರ್ ಪರದೆಯ ಮೇಲೆಯೇ ನೆಟ್‌ವರ್ಕ್ ಕಟ್ಟಿ ನೋಡುವ ಸಾಫ್ಟ್‌ವೇರ್ ಅದು. ಮೇಲಿನ ಪ್ಲಾನ್ ಅದರಲ್ಲಿ ಕಟ್ಟಿ. ಅತಿಥಿ ಲ್ಯಾಪ್‌ಟಾಪ್‌ನಿಂದ ಅಕೌಂಟ್ಸ್ ಕಂಪ್ಯೂಟರ್‌ಗೆ ಪಿಂಗ್ ಮಾಡಿ, ಅಂದರೆ ಅದು ಸಿಗುತ್ತದೆಯೇ ಎಂದು ಕೇಳುವ ಸಂದೇಶ ಕಳಿಸಿ. ಉತ್ತರ ಬಂದರೆ ನಿಯಮದಲ್ಲಿ ತೂತಿದೆ ಎಂದರ್ಥ. ಆಮೇಲೆ ಎರಡು ಸ್ವಿಚ್ ನಡುವೆ ಎರಡು ಕೇಬಲ್ ಹಾಕಿ. ಒಂದು ತುದಿಯ ಚುಕ್ಕೆ ಕಿತ್ತಳೆ ಬಣ್ಣದಲ್ಲೇ ಉಳಿಯುತ್ತದೆ. ಪ್ಯಾಕೆಟ್‌ಗಳು ಸುತ್ತು ಹೊಡೆಯದಂತೆ ಸ್ವಿಚ್‌ನೊಳಗಿನ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಆ ಪೋರ್ಟನ್ನು ತಡೆದಿರುತ್ತದೆ. ಈಗ ಕೆಲಸ ಮಾಡುತ್ತಿರುವ ಇನ್ನೊಂದು ಕೇಬಲ್ ತೆಗೆಯಿರಿ. ಕಿತ್ತಳೆ ಹಸಿರಾಗಲು ಸುಮಾರು 30 ಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ಜಾಸ್ತಿಯಾಯಿತು ಅನ್ನಿಸಿದರೆ ಅದರ ವೇಗದ ರೂಪವಾದ ರಾಪಿಡ್ ಸ್ಪ್ಯಾನಿಂಗ್ ಟ್ರೀ ಹಾಕಿ, ಮತ್ತೆ ಅದೇ ಕೇಬಲ್ ತೆಗೆದು ನೋಡಿ.