ಅಕ್ಷತೆ ಹಿಮವಾದದ್ದು

ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಮೂರು ವಿಎಚ್‌ಎಸ್ ಕ್ಯಾಸೆಟ್ ಕೊಂಡೆ. ಮೇಲಿನ ಚೀಟಿ ಹರಿದಿತ್ತು. ಯಾರದೋ ಮದುವೆ. ಹೀಗೆ ಸಿಕ್ಕ ವಿಡಿಯೊ ಕತ್ತರಿಸಿ ಎಐಗೆ ಕೊಟ್ಟರೆ ಏನಾಗುತ್ತೆ ನೋಡೋಣ ಅನ್ನೋ ಹುಚ್ಚು ಆಗ ನನಗೆ.

ಮೊದಲ ದಿನವೇ ಎಡವಟ್ಟು. ಟೇಪಿನ ಅಂಚಿಗೆ ಬಿಳಿ ಪುಡಿ ಕಾಣುತ್ತಿತ್ತು, ಧೂಳು ಅಂದುಕೊಂಡೆ. ಅದು ಬೂಷ್ಟು. ವಿಸಿಆರ್‌ಗೆ ಹಾಕಿ ಐದು ನಿಮಿಷ ಆಗಿಲ್ಲ, ಟೇಪ್ ಓದುವ ಹೆಡ್ ಕಟ್ಟಿಕೊಂಡು ಟಿವಿ ತುಂಬ ಗೆರೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆ ಚರ್ಮದ ತುಂಡಿನಿಂದ ಒರೆಸಿದೆ. ಹತ್ತಿ ಬೇಡ, ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಪಾಲ್ ಅಂದರೆ ನಮ್ಮ ಕಡೆಯ ಹಳೇ ಟಿವಿ ಪದ್ಧತಿ. ಅದರ ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ಆದರೆ ಒಂದೊಂದು ಫ್ರೇಮಿನಲ್ಲೂ ಎರಡು ಕ್ಷಣ ಹೆಣೆದುಕೊಂಡಿರುತ್ತವೆ: ಸರಿ ಗೆರೆಗಳದ್ದೊಂದು, ಬೆಸ ಗೆರೆಗಳದ್ದೊಂದು. ಕೈ ಬೀಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತೆ. ಅದನ್ನು ಬಿಡಿಸದೆ ಕೊಟ್ಟೆ ನೋಡಿ, ಚಿತ್ರ ಬರೆಯುವ ಎಐ ಸ್ಟೇಬಲ್ ಡಿಫ್ಯೂಷನ್ ಆ ಗೆರೆಗಳನ್ನು ಜರಿ ಅಂದುಕೊಂಡಿತು. ಪುರೋಹಿತರ ಬರಿ ತೋಳಿಗೆ ಜರಿ ಅಂಚು! ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೊ ತಂತ್ರಾಂಶದಲ್ಲಿ, ಹೆಣೆದ ಗೆರೆ ಬಿಡಿಸುವ ಯಾಡಿಫ್ ಫಿಲ್ಟರ್ ಹಾಕಿದ ಮೇಲೆ ಹೋಯಿತು. ಸ್ವಲ್ಪ ಬೇಜಾರೂ ಆಯಿತು.

ಇನ್ನು ಡಿನಾಯ್ಸಿಂಗ್ ಸ್ಟ್ರೆಂತ್. ಮೂಲ ಚಿತ್ರವನ್ನು ಎಷ್ಟು ಕಲಕಬೇಕು ಅನ್ನೋ ಅಳತೆ ಅದು. 0.25 ಇಟ್ಟರೆ ಎಲ್ಲರಿಗೂ ಪೌಡರ್ ಬಳಿದ ಹಾಗೆ, ಅಷ್ಟೇ. 0.7ಕ್ಕೆ ಹೋದರೆ ಬೇರೆಯವರದೇ ಮದುವೆ. ಕೊನೆಗೆ 0.45ಕ್ಕೆ ನಿಂತೆ. ಮುಖಗಳ ಜಾಗವನ್ನಷ್ಟೇ ಬೇರೆಯಾಗಿ ಗುರುತು ಮಾಡಿ, ಅಲ್ಲಿಗೆ ಮಾತ್ರ 0.7. ಗೊತ್ತಿಲ್ಲದವರ ಮುಖ ಹಾಗೇ ತೋರಿಸೋಕೆ ನನಗೆ ಮನಸ್ಸಿರಲಿಲ್ಲ. ನನ್ನ ಹಳೇ ಗ್ರಾಫಿಕ್ಸ್ ಕಾರ್ಡಿಗೆ ಫ್ರೇಮಿಗೆ 4 ಸೆಕೆಂಡು ಬೇಕು. 40 ಸೆಕೆಂಡಿನ ತುಣುಕು ಅಂದರೆ 1000 ಫ್ರೇಮ್, ಒಂದು ಸಲಕ್ಕೆ ಗಂಟೆಗೂ ಜಾಸ್ತಿ.

ಧಾರೆಯ ದೃಶ್ಯದಲ್ಲಿ ಎಐ ಪೂರ್ತಿ ಸೋತಿತು. ಅಕ್ಷತೆ ಬೀಳುತ್ತಿದ್ದರೆ ಅದು ಹಿಮ ಸುರಿಸಿತು. ಬಾಸಿಂಗ ಹೋಗಿ ಮದುಮಗನ ಹಣೆ ಮೇಲೆ ಚಿಟ್ಟೆ ಕೂತಿತು. ತಿದ್ದೋಣ ಅಂತ ಪ್ರಾಂಪ್ಟಿನಲ್ಲಿ, ಅಂದರೆ ಎಐಗೆ ಬರೆದುಕೊಡುವ ಸೂಚನೆಯಲ್ಲಿ, ‘ರೈಸ್’ ಸೇರಿಸಿದೆ. ಹೋಮದ ಪಕ್ಕ ಬಟ್ಟಲು ತುಂಬ ಬಿಸಿ ಅನ್ನ ಬಂತು. ಮೂರು ರಾತ್ರಿ ತಿದ್ದಿ ತಿದ್ದಿ ಸುಸ್ತಾಗಿ ಹಿಮವನ್ನೇ ಉಳಿಸಿಕೊಂಡೆ. ಚಪ್ಪರದೊಳಗೆ ಹಿಮ, ಅದರ ಕೆಳಗೆ ಬೆವರು ಒರೆಸಿಕೊಳ್ಳುವ ಮಾವಂದಿರು. ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಹನ್ನೊಂದು ಸೆಕೆಂಡು ಅದೇ.

ಟೇಪಿನ ಕೊನೆಯಲ್ಲಿ ಏನೂ ಇರಲಿಲ್ಲ, ಬರೀ ಚುಕ್ಕಿ ಚುಕ್ಕಿ. ಅದನ್ನೂ ಕೊಟ್ಟೆ. ಎಐ ಅದರೊಳಗೆ ಜನರನ್ನು ಹುಡುಕಿ ತೆಗೆಯಿತು, ಸಾಲು ಸಾಲು ಕುರ್ಚಿಗಳಲ್ಲಿ. ಒಂದು ಫ್ರೇಮಿನಲ್ಲಿ ಇದ್ದವರು ಮುಂದಿನದರಲ್ಲಿ ಇಲ್ಲ.

ಶಬ್ದ ಮಾತ್ರ ಮುಟ್ಟಲಿಲ್ಲ. ಟೇಪ್ ಎಳೆದುಕೊಂಡು ಓಡುವ ಕಡೆ ಗಟ್ಟಿಮೇಳ ಅರ್ಧ ಸ್ವರ ಕೆಳಗಿಳಿಯುತ್ತದೆ. ಮೊದಲ ಸಲ ಪೂರ್ತಿ ಹಾಕಿ ನೋಡುತ್ತಿದ್ದೆ. ಅಮ್ಮ ಅಡುಗೆಮನೆಯಿಂದಲೇ ಕೂಗಿದರು: “ಯಾರ ಮದುವೆನೋ ಅದು? ಕ್ಯಾಸೆಟ್ ಸಿಕ್ಕಾಕ್ಕೊಂಡಿದೆ, ನಿಲ್ಸು!”